ವಿಶ್ರಾಂತಿಗೆ ಬಗ್ಗದ ದಣಿವು

ಸುಸ್ತು, ನಿತ್ರಾಣ, ಮೈಕೈ ನೋವು, ಯಾವ ಕೆಲಸಕ್ಕೂ ಮನಸ್ಸು ಬಾರದಿರುವುದು ಮುಂತಾದವು ಭಾರತದ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಿನವೂ ಕೇಳಿಬರುವ ದೂರುಗಳಾಗಿದ್ದು, ಅವುಗಳಿಗೆ ಸಿಗುವ ಉತ್ತರವೂ ಬಹುಮಟ್ಟಿಗೆ ಒಂದೇ ಬಗೆಯದು: ರಕ್ತಪರೀಕ್ಷೆ, ಕಬ್ಬಿಣಾಂಶದ ಮಾತ್ರೆ, ಬಿ ಕಾಂಪ್ಲೆಕ್ಸ್, ಒಂದು ಬಾಟಲಿ ಟಾನಿಕ್, ಕೆಲವೆಡೆ ರೋಗಿಯೇ ಕೇಳಿ ಹಾಕಿಸಿಕೊಳ್ಳುವ ಗ್ಲೂಕೋಸ್ ಡ್ರಿಪ್. ಈ ಉತ್ತರಕ್ಕೆ ಆಧಾರವಿಲ್ಲವೆಂದಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿರುವುದರಿಂದ, ದಣಿದ ಹೆಣ್ಣುಮಗಳೊಬ್ಬಳು ಎದುರು ಬಂದು ಕುಳಿತಾಗ ವೈದ್ಯರು ಮೊದಲು ಆಕೆಯ ಕಣ್ಣರೆಪ್ಪೆಯ ಒಳಭಾಗವನ್ನು ಬಿಡಿಸಿ ನೋಡುವುದು ಸರಿಯಾದ ಕ್ರಮವೇ. ಆದರೆ ಆ ಕ್ರಮ ಎಲ್ಲಿಯವರೆಗೆ ಸಾಲುತ್ತದೆ ಎಂಬ ಪ್ರಶ್ನೆಯನ್ನು ನೆರೆಯ ಗೋವಾದಲ್ಲಿ ನಡೆದ ಅಧ್ಯಯನವೊಂದು ಎತ್ತಿತು.

ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ನಡೆಸಿ 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಆ ಅಧ್ಯಯನ, 18ರಿಂದ 50 ವರ್ಷದೊಳಗಿನ ಸುಮಾರು 2,500 ಮಹಿಳೆಯರನ್ನು ಆಸ್ಪತ್ರೆಯಲ್ಲಲ್ಲದೆ ಅವರ ಊರುಗಳಲ್ಲೇ ಸಂದರ್ಶಿಸಿತು. ಅವರಲ್ಲಿ ಶೇ 12ರಷ್ಟು ಮಂದಿ ಕನಿಷ್ಠ ಆರು ತಿಂಗಳಿಂದ ಬಿಡದ ಆಯಾಸವಿದೆಯೆಂದು ಹೇಳಿದರು. ಯಾರಲ್ಲಿ ಈ ಆಯಾಸ ಹೆಚ್ಚು ಎಂದು ಹುಡುಕಿದಾಗ ಕಂಡುಬಂದ ಅಂಶಗಳು ಇವು: ಕಡಿಮೆ ಓದು, ಕುಟುಂಬದ ಸಾಲ, ಹಿಂದಿನ ಮೂರು ತಿಂಗಳಲ್ಲಿ ಹಸಿದಿದ್ದ ದಿನಗಳು, ಗಂಡನ ಬೈಗುಳ ಅಥವಾ ಹಿಂಸೆ, ಮತ್ತು ಇವೆಲ್ಲದರ ಜೊತೆಗೆ ಕುಗ್ಗಿದ ಮನಸ್ಸು. ಹಿಮೋಗ್ಲೋಬಿನ್ ಪ್ರಮಾಣಕ್ಕೂ ದೀರ್ಘಕಾಲದ ಆಯಾಸಕ್ಕೂ ಮಾತ್ರ ಸಂಬಂಧ ಕಾಣಲಿಲ್ಲ. ರಕ್ತಹೀನತೆ ದಣಿವನ್ನು ತರುವುದಿಲ್ಲವೆಂದು ಇದರಿಂದ ತೀರ್ಮಾನಿಸುವಂತಿಲ್ಲ. ತೀವ್ರ ರಕ್ತಹೀನತೆಯಿಂದ ದಣಿವು ಬರುವುದು ನಿಶ್ಚಿತ. ಆದರೆ ಒಂದು ಸಮುದಾಯದಲ್ಲಿ ತಿಂಗಳುಗಟ್ಟಲೆ ದಣಿದವರು ಯಾರೆಂದು ಊಹಿಸಲು ಅವರ ರಕ್ತಕ್ಕಿಂತ ಅವರ ಮನೆಯ ಲೆಕ್ಕಪತ್ರ ಮತ್ತು ಮನೆಯೊಳಗಿನ ಮಾತುಕತೆ ಹೆಚ್ಚು ನೆರವಾದವೆಂಬುದು ಈ ಅಧ್ಯಯನದ ತಿರುಳು.

ಇಂಥ ಸಮೀಕ್ಷೆ ಒಂದು ಕಾಲದ ಚಿತ್ರವನ್ನಷ್ಟೇ ಕೊಡುವುದರಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನು ಅದೊಂದೇ ನಿರ್ಧರಿಸಲಾರದು. ಸಾಲ, ಅವಮಾನ, ಭಯ ಇವೆಲ್ಲ ದೇಹದ ಹೊರಗಿನ ಸಂಗತಿಗಳು. ಅವು ಸ್ನಾಯುವಿನ ಬಲವನ್ನೂ ಬೆಳಿಗ್ಗೆ ಏಳುವ ಉತ್ಸಾಹವನ್ನೂ ಕುಗ್ಗಿಸಬಲ್ಲವೆನ್ನಬೇಕಾದರೆ ಹೊರಗಿನಿಂದ ಒಳಗೆ ಬರುವ ದಾರಿಯನ್ನು ತೋರಿಸಬೇಕಾಗುತ್ತದೆ. ಕಳೆದ ನೂರು ವರ್ಷಗಳ ಶರೀರವಿಜ್ಞಾನ ಆ ದಾರಿಯನ್ನು ಸಾಕಷ್ಟು ದೂರದವರೆಗೆ ಗುರುತಿಸಿದೆ.

ಬತ್ತದ ಗ್ರಂಥಿ

ಅಪಾಯ ಎದುರಾದಾಗ ಪ್ರಾಣಿಯ ದೇಹ ಹೋರಾಟಕ್ಕೋ ಓಟಕ್ಕೋ ಅಣಿಯಾಗುವುದನ್ನು ಹಾರ್ವರ್ಡ್‌ನ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದರು. ಈ ಸಿದ್ಧತೆಗೆ ಎರಡು ಹಂತಗಳಿವೆ. ಮೊದಲನೆಯದು ಕ್ಷಣಗಳಲ್ಲಿ ನಡೆಯುವಂಥದು: ನರಗಳ ಆದೇಶದಂತೆ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸಿ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತವೆ. ಎರಡನೆಯದು ನಿಮಿಷಗಳಿಂದ ಗಂಟೆಗಳವರೆಗೆ ಸಾಗುವಂಥದು: ಮೆದುಳಿನ ತಳಭಾಗದ ಹೈಪೊಥಲಮಸ್ ಎಂಬ ಕೇಂದ್ರ ಪಿಟ್ಯುಟರಿ ಗ್ರಂಥಿಗೂ, ಪಿಟ್ಯುಟರಿ ಅಡ್ರಿನಲ್‌ಗೂ ಹಾರ್ಮೋನುಗಳ ಮೂಲಕ ಸೂಚನೆ ಕಳಿಸಿ, ಕೊನೆಗೆ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡಿಸುತ್ತವೆ. ಕಾರ್ಟಿಸಾಲ್ ರಕ್ತದ ಸಕ್ಕರೆಯನ್ನು ಏರಿಸಿ ಶಕ್ತಿಯನ್ನು ಒದಗಿಸುತ್ತದೆ, ಉರಿಯೂತವನ್ನು ಹದ್ದುಬಸ್ತಿನಲ್ಲಿಡುತ್ತದೆ, ಮತ್ತು ತಾನು ಸಾಕಷ್ಟು ಏರಿದೆಯೆಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸಿ ತನ್ನ ಉತ್ಪಾದನೆಯನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಗಂಡಾಂತರ ಕಳೆದೊಡನೆ ಎಲ್ಲವೂ ಮೊದಲ ಸ್ಥಿತಿಗೆ ಮರಳುವುದಾದರೆ ಈ ವ್ಯವಸ್ಥೆ ದೋಷವಿಲ್ಲದ್ದೆಂದೇ ಹೇಳಬೇಕು.

ಗಂಡಾಂತರ ಕಳೆಯದಿದ್ದರೆ ಏನಾಗುತ್ತದೆಂಬುದನ್ನು ಕೇಳಿದವರು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ಹಾನ್ಸ್ ಸೆಲ್ಯೆ. 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಪುಟ್ಟ ಟಿಪ್ಪಣಿ, ಚಳಿ, ಶಸ್ತ್ರಕ್ರಿಯೆ, ಅತಿಯಾದ ಶ್ರಮ, ವಿಷ ಹೀಗೆ ಬೇರೆ ಬೇರೆ ಹಿಂಸೆಗೆ ಒಳಗಾದ ಇಲಿಗಳ ದೇಹದಲ್ಲಿ ಒಂದೇ ಬಗೆಯ ಬದಲಾವಣೆಗಳು ಕಾಣುತ್ತವೆಂದು ತಿಳಿಸಿತು. ಎಚ್ಚರ, ಪ್ರತಿರೋಧ, ಬಳಲಿಕೆ ಎಂಬ ಮೂರು ಘಟ್ಟಗಳನ್ನು ಗುರುತಿಸಿದ ಸೆಲ್ಯೆ, ಹೊಂದಿಕೊಳ್ಳುವ ಶಕ್ತಿಯೊಂದು ಪ್ರತಿ ಜೀವಿಯಲ್ಲೂ ಸೀಮಿತವಾಗಿದ್ದು ಅದು ಮುಗಿದಾಗ ಬಳಲಿಕೆ ಬರುತ್ತದೆಂದು ನಂಬಿದ್ದರು. ತೊಟ್ಟಿಯ ನೀರು ತಳ ಕಂಡಂತೆ ಎಂಬ ಈ ಚಿತ್ರ ಜನಮನಕ್ಕೆ ಬಲು ಬೇಗ ಹಿಡಿಸಿತು, ಇಂದಿಗೂ ಬಿಟ್ಟಿಲ್ಲ. ಆದರೆ ಅಂಥ ಶಕ್ತಿಯನ್ನು ಯಾರೂ ಅಳೆದು ತೋರಿಸಲಿಲ್ಲ. ಒತ್ತಡದಿಂದ ಅಡ್ರಿನಲ್ ಗ್ರಂಥಿಗಳು ದಣಿದು ಕಾರ್ಟಿಸಾಲ್ ಬತ್ತಿಹೋಗುತ್ತದೆಂಬ, ಅಂತರ್ಜಾಲದಲ್ಲಿ ಪೂರಕ ಮಾತ್ರೆಗಳ ಮಾರಾಟದ ಜೊತೆಜೊತೆಗೇ ಹರಡಿರುವ 'ಅಡ್ರಿನಲ್ ಫಟೀಗ್' ಎಂಬ ವಿವರಣೆಯನ್ನು ಹಾರ್ಮೋನು ತಜ್ಞರು ಒಪ್ಪುವುದಿಲ್ಲ. ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ 2016ರ ಒಂದು ವಿಮರ್ಶಾಲೇಖನ ಅಂಥ ಕಾಯಿಲೆಯೇ ಇಲ್ಲವೆಂದು ತನ್ನ ಶೀರ್ಷಿಕೆಯಲ್ಲೇ ಸಾರಿತು. ಅಡ್ರಿನಲ್ ಗ್ರಂಥಿ ನಿಜವಾಗಿ ಸೋಲುವ ಅಡಿಸನ್ ಕಾಯಿಲೆ ಬೇರೆಯೇ ಆಗಿದ್ದು, ಅದರಲ್ಲಿ ತೂಕ ಇಳಿಯುತ್ತದೆ, ಚರ್ಮ ಕಪ್ಪಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಒತ್ತಡದ ದಣಿವು ಅದಲ್ಲ.

ಹಾಗಾದರೆ ಅದು ಏನು? ದೇಹ ಖಾಲಿಯಾಗುವುದಿಲ್ಲ, ಬದಲಾಗಿ ಅದರ ಲಯ ಮತ್ತು ನಿಯಂತ್ರಣ ಕೆಡುತ್ತವೆ ಎಂಬುದು ಇಂದು ಹೆಚ್ಚು ಆಧಾರವಿರುವ ಉತ್ತರ. ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಯೂವೆನ್, ಎಲಿಯಟ್ ಸ್ಟೆಲ್ಲರ್ ಅವರೊಡನೆ 1993ರಲ್ಲಿ ಮಂಡಿಸಿದ 'ಅಲೋಸ್ಟ್ಯಾಟಿಕ್ ಲೋಡ್' ಎಂಬ ಪರಿಕಲ್ಪನೆಯ ಅರ್ಥ, ಮಾರ್ಪಾಡುಗಳ ಮೂಲಕ ಸಮತೋಲ ಕಾಯ್ದುಕೊಳ್ಳಲು ದೇಹ ತೆರುವ ಸಂಚಿತ ಬೆಲೆ ಎಂಬುದು. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯೊಳಗೆ ತುತ್ತತುದಿ ಮುಟ್ಟಿ, ದಿನವಿಡೀ ಇಳಿಯುತ್ತ ನಡುರಾತ್ರಿಯ ಹೊತ್ತಿಗೆ ತಳ ಸೇರುತ್ತದೆ. ದೀರ್ಘ ಒತ್ತಡದಲ್ಲಿ ಈ ಏರಿಳಿತ ಚಪ್ಪಟೆಯಾಗುವುದುಂಟು: ಬೆಳಿಗ್ಗೆ ಏರಬೇಕಾದಷ್ಟು ಏರುವುದಿಲ್ಲ, ರಾತ್ರಿ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಒತ್ತಡ ಹೊಸದಾಗಿದ್ದಾಗ ಕಾರ್ಟಿಸಾಲ್ ಹೆಚ್ಚಿದ್ದು, ಕಾಲ ಕಳೆದಂತೆ ಸಾಮಾನ್ಯ ಮಟ್ಟಕ್ಕಿಂತಲೂ ಕೆಳಗಿಳಿಯಬಹುದೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯೊಂದು ತೋರಿಸಿತು. ಒಂದೇ ಒಂದು ರಕ್ತಪರೀಕ್ಷೆಯಿಂದ ಒತ್ತಡವನ್ನು ಅಳೆಯಲು ಹೊರಟವರಿಗೆ ಗೊಂದಲ ಉಳಿಯುವುದು ಇದೇ ಕಾರಣಕ್ಕೆ.

ನಿದ್ರೆಯ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ನಾಳೆಯ ದಿನದ ಬಗ್ಗೆ ಆತಂಕ ಹೊತ್ತು ಮಲಗಿದವರಲ್ಲಿ ದೇಹವನ್ನು ಹೆಚ್ಚು ಚೇತರಿಸುವ ಗಾಢನಿದ್ರೆಯ ಪಾಲು ಕಡಿಮೆಯಾಗುವುದನ್ನು ಸ್ವೀಡನ್ನಿನ ನಿದ್ರಾ ಸಂಶೋಧಕರು ದಾಖಲಿಸಿದ್ದಾರೆ. ಏಳೆಂಟು ಗಂಟೆ ಮಲಗಿದರೂ ಎದ್ದಾಗ ಮೈ ಭಾರವೆನಿಸುವುದು ಸೋಮಾರಿತನದ ಲಕ್ಷಣವೆಂದು ಮನೆಮಂದಿ ಭಾವಿಸುವುದು ಸಾಮಾನ್ಯವಾದರೂ, ಆ ಭಾವನೆ ಬಹಳ ಸಲ ಅನ್ಯಾಯದ್ದು.

ಒತ್ತಡದಿಂದ ಮೆದುಳಿನಲ್ಲಾಗುವ ಬದಲಾವಣೆಗಳನ್ನು ತೋರಿಸಿದ ಮುಖ್ಯ ಪ್ರಯೋಗಗಳಲ್ಲೊಂದು ನಡೆದದ್ದು ಬೆಂಗಳೂರಿನಲ್ಲಿ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡ, ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಅವರೊಡಗೂಡಿ, ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡಲು ಬಿಡದೆ ಇರಿಸಿದ ಇಲಿಗಳ ಮೆದುಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿತು. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ನರಕೋಶಗಳ ಕವಲುಗಳು ಮೊಟಕಾಗಿದ್ದರೆ, ಭಯ ಮತ್ತು ಆತಂಕದ ಕೇಂದ್ರವಾದ ಅಮಿಗ್ಡಲದಲ್ಲಿ ಅವು ಹಿಂದಿಗಿಂತ ಬೆಳೆದು ಹರಡಿಕೊಂಡಿದ್ದವು. ಒತ್ತಡ ಮೆದುಳನ್ನು ಬರಿದೇ ಸವೆಸುತ್ತದೆಂಬ ಗ್ರಹಿಕೆಗೆ ಇದು ದೊಡ್ಡ ತಿದ್ದುಪಡಿ. ಇನ್ನೂ ಗಮನಾರ್ಹವಾದದ್ದು ಅದೇ ತಂಡದ 2004ರ ಶೋಧ: ಒತ್ತಡ ನಿಲ್ಲಿಸಿ 21 ದಿನ ಇಲಿಗಳನ್ನು ನೆಮ್ಮದಿಯಿಂದ ಇರಗೊಟ್ಟ ಮೇಲೂ ಅಮಿಗ್ಡಲದ ಬೆಳವಣಿಗೆ ಹಿಂದೆ ಸರಿಯಲಿಲ್ಲ, ಆತಂಕದ ನಡವಳಿಕೆಯೂ ಹೋಗಲಿಲ್ಲ. ಇಲಿಯಿಂದ ಮನುಷ್ಯರಿಗೆ ನೇರವಾಗಿ ಜಿಗಿಯುವುದು ತರವಲ್ಲವಾದರೂ, ಕಷ್ಟದ ಕಾಲ ಮುಗಿದ ಮೇಲೂ ಅದರ ಗುರುತು ಕೆಲಕಾಲ ಉಳಿಯುವುದಕ್ಕೆ ಇಲ್ಲೊಂದು ಭೌತಿಕ ಆಧಾರ ಸಿಗುತ್ತದೆ.

ಜ್ವರವಿಲ್ಲದ ಜ್ವರ

ದಣಿವು ಮತ್ತು ಮನಸ್ಸಿನ ಮಂಕು ಯಾಕೆ ಹೀಗೆ ಒಟ್ಟಿಗೇ ಬರುತ್ತವೆಂಬುದಕ್ಕೆ ಅತ್ಯಂತ ಮನವರಿಕೆಯಾಗುವ ಸುಳಿವು ಸಿಕ್ಕಿದ್ದು ರೋಗನಿರೋಧಕ ವ್ಯವಸ್ಥೆಯ ಅಧ್ಯಯನದಿಂದ. ಸೋಂಕು ತಗುಲಿದಾಗ ಬಿಳಿ ರಕ್ತಕಣಗಳು ಸೈಟೊಕೈನ್‌ಗಳೆಂಬ ಪ್ರೋಟೀನುಗಳನ್ನು ಹೊರಬಿಡುತ್ತವೆ. ಇವು ಉರಿಯೂತವನ್ನು ನಡೆಸುವುದಲ್ಲದೆ ಮೆದುಳಿಗೂ ಸಂದೇಶ ಮುಟ್ಟಿಸುತ್ತವೆ. ಆಗ ಪ್ರಾಣಿ ಮುದುಡಿ ಮಲಗುತ್ತದೆ, ತಿನ್ನುವುದನ್ನೂ ಸಂಗಾತಿಯನ್ನೂ ಬಿಡುತ್ತದೆ, ಯಾವುದರಲ್ಲೂ ಆಸಕ್ತಿ ತೋರುವುದಿಲ್ಲ. ಶಕ್ತಿಯನ್ನು ಸೋಂಕಿನ ವಿರುದ್ಧದ ಕಾದಾಟಕ್ಕೆ ಉಳಿಸುವ ಈ 'ರೋಗವರ್ತನೆ' ಕೆಟ್ಟುಹೋದ ದೇಹದ ಲಕ್ಷಣವಾಗಿರದೆ, ದೇಹವೇ ಆಯ್ದ ಕ್ರಮವೆಂದು ಬೆಂಜಮಿನ್ ಹಾರ್ಟ್ 1988ರಲ್ಲಿ ವಾದಿಸಿದರು.

ದೀರ್ಘ ಒತ್ತಡದಲ್ಲಿ ಸೋಂಕಿಲ್ಲದೆಯೇ ಇದರ ಮೆಲುರೂಪವೊಂದು ಉಂಟಾಗಬಹುದು. ಉರಿಯೂತವನ್ನು ತಗ್ಗಿಸಬೇಕಾದ ಕಾರ್ಟಿಸಾಲ್ ಬಹುಕಾಲ ಹೆಚ್ಚಾಗಿದ್ದರೆ ರೋಗನಿರೋಧಕ ಕೋಶಗಳು ಅದರ ಮಾತಿಗೆ ಕಿವುಡಾಗತೊಡಗುತ್ತವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ತಂದೆತಾಯಿಗಳ ರಕ್ತಕೋಶಗಳಲ್ಲಿ ಇಂಥ ಕಿವುಡುತನ ಇರುವುದು 2002ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂತು. ತಡೆಯುವವರ ಮಾತು ನಡೆಯದಿದ್ದಾಗ ಸೈಟೊಕೈನ್‌ಗಳು ಸಣ್ಣ ಪ್ರಮಾಣದಲ್ಲಿ ಏರಿಯೇ ಉಳಿಯುತ್ತವೆ.

ಸೈಟೊಕೈನ್ ಮನಸ್ಸನ್ನು ಕುಗ್ಗಿಸಬಲ್ಲದೆಂಬುದಕ್ಕೆ ಮನುಷ್ಯರಲ್ಲೇ ಸಿಕ್ಕ ಪುರಾವೆ, ಉದ್ದೇಶಪಟ್ಟು ಹುಡುಕಿದ್ದಲ್ಲ. ಹೆಪಟೈಟಿಸ್ ಸಿ ಮತ್ತು ಕೆಲವು ಕ್ಯಾನ್ಸರ್‌ಗಳಿಗೆ ಔಷಧವಾಗಿ ಕೊಡುತ್ತಿದ್ದ ಇಂಟರ್‌ಫೆರಾನ್-ಆಲ್ಫಾ ಸ್ವತಃ ಒಂದು ಸೈಟೊಕೈನ್. ಅದನ್ನು ಪಡೆದವರಲ್ಲಿ ಬಹುಪಾಲು ಮಂದಿಗೆ ಮೊದಲ ವಾರಗಳಲ್ಲೇ ತೀವ್ರ ಆಯಾಸ ಆವರಿಸಿದರೆ, ಹಲವರಿಗೆ ಮುಂದಿನ ವಾರಗಳಲ್ಲಿ ಖಿನ್ನತೆ ಬಂತು. ಚಿಕಿತ್ಸೆಗೆ ಮುಂಚೆಯೇ ಪ್ಯಾರೊಕ್ಸೆಟಿನ್ ಎಂಬ ಖಿನ್ನತಾ ನಿವಾರಕವನ್ನು ಆರಂಭಿಸಿದರೆ ಖಿನ್ನತೆ ಬರುವ ಸಂಭವ ಬಹಳ ತಗ್ಗುತ್ತದೆಂದು 2001ರ ಪ್ರಯೋಗ ತೋರಿಸಿತು. ಆದರೆ ಆ ಮಾತ್ರೆ ಮನಸ್ಸಿನ ಕುಗ್ಗುವಿಕೆಯನ್ನು ತಡೆದಷ್ಟು ಆಯಾಸವನ್ನು ತಡೆಯಲಿಲ್ಲ. ಎರಡೂ ಒಂದೇ ಬೇರಿನಿಂದ ಹುಟ್ಟಿದರೂ ಬೇರೆ ಬೇರೆ ನರಮಾರ್ಗಗಳಲ್ಲಿ ಸಾಗುತ್ತವೆಂಬ ಊಹೆಗೆ ಇದು ಬಲ ಕೊಡುತ್ತದೆ. ಖಿನ್ನತೆಗೆ ಚಿಕಿತ್ಸೆ ಪಡೆದು ಮನಸ್ಸು ಹಗುರವಾದ ಮೇಲೂ ಸುಸ್ತು ಹೋಗಲಿಲ್ಲವೆಂದು ಹೇಳುವ ರೋಗಿಗಳ ಮಾತನ್ನು ತಳ್ಳಿಹಾಕದಿರಲು ಇದೊಂದೇ ಕಾರಣ ಸಾಕು. ಉರಿಯೂತವೇ ಎಲ್ಲ ಖಿನ್ನತೆಯ ಮೂಲವೆಂದು ಮಾತ್ರ ಇದರಿಂದ ಹೇಳಲಾಗದು: ಉರಿಯೂತ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಔಷಧವನ್ನು ಮಾತ್ರೆಗಳಿಗೆ ಬಗ್ಗದ ಖಿನ್ನತೆಯವರಿಗೆ ಕೊಟ್ಟು ನೋಡಿದ 2013ರ ಪ್ರಯೋಗದಲ್ಲಿ ಒಟ್ಟಾರೆ ಲಾಭ ಕಾಣದೆ, ರಕ್ತದಲ್ಲಿ ಉರಿಯೂತದ ಗುರುತು ಹೆಚ್ಚಿದ್ದವರಲ್ಲಷ್ಟೇ ಪ್ರಯೋಜನದ ಸೂಚನೆ ಕಂಡಿತು.

ಹಿಡಿತದ ಪ್ರಶ್ನೆ

ಇಲ್ಲಿಯವರೆಗಿನ ವಿವರಣೆಯಲ್ಲಿ ಒಂದು ಕೊರತೆಯಿದೆ. ಹೊಲದಲ್ಲಿ ದಿನವಿಡೀ ದುಡಿದವರೂ, ಮಗಳ ಮದುವೆಗೆ ತಿಂಗಳುಗಟ್ಟಲೆ ಓಡಾಡಿದವರೂ ದಣಿಯುತ್ತಾರೆ. ಆದರೆ ಆ ದಣಿವು ಮಲಗಿದರೆ ಹೋಗುತ್ತದೆ, ಮನಸ್ಸನ್ನು ಮಂಕಾಗಿಸುವುದೂ ಇಲ್ಲ. ಹಾಗಾದರೆ ಕೇಡು ಮಾಡುವುದು ಹೊರೆಯ ತೂಕವಲ್ಲ, ಬೇರೇನೋ ಇರಬೇಕು.

ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತಾವು ಏನು ಮಾಡಿದರೂ ನಿಲ್ಲದ ವಿದ್ಯುತ್ ಆಘಾತವನ್ನು ಅನುಭವಿಸಿದ ನಾಯಿಗಳು, ಮುಂದೆ ತಪ್ಪಿಸಿಕೊಳ್ಳುವ ದಾರಿಯಿದ್ದಾಗಲೂ ಪ್ರಯತ್ನಿಸದೆ ಬಿದ್ದುಕೊಂಡವು. ಅಷ್ಟೇ ಆಘಾತವನ್ನು ತಾವೇ ನಿಲ್ಲಿಸಬಲ್ಲವಾಗಿದ್ದ ನಾಯಿಗಳು ಹಾಗಾಗಲಿಲ್ಲ. ನಾಯಿಗಳು ಅಸಹಾಯಕತೆಯನ್ನು ಕಲಿತವೆಂದು ಆಗ ವಿವರಿಸಲಾಯಿತು, ಆ ವಿವರಣೆ ಪಠ್ಯಪುಸ್ತಕಗಳನ್ನೂ ಸೇರಿತು. ಸುಮಾರು ಐವತ್ತು ವರ್ಷಗಳ ಅನಂತರ, 2016ರಲ್ಲಿ, ಅದೇ ಇಬ್ಬರು ತಮ್ಮ ಸಿದ್ಧಾಂತವನ್ನು ಬುಡಮೇಲು ಮಾಡಿದರು. ಮೆದುಳಿನ ಪ್ರಯೋಗಗಳು ತೋರಿಸಿದಂತೆ, ದೀರ್ಘಕಾಲದ ನೋವಿಗೆ ಸಸ್ತನಿಗಳ ಸಹಜ ಪ್ರತಿಕ್ರಿಯೆಯೇ ಸುಮ್ಮನಾಗುವುದು. ಕಲಿಯಬೇಕಾದದ್ದು ತನ್ನ ಕೈಯಲ್ಲಿ ಏನೋ ಇದೆಯೆಂಬುದನ್ನು. ಆ ಕಲಿಕೆಯಾದಾಗ ಹಣೆಯ ಹಿಂದಿನ ಮುಮ್ಮೆದುಳು, ನಿಷ್ಕ್ರಿಯತೆಯನ್ನು ಹೊರಡಿಸುವ ಮೆದುಳುಕಾಂಡದ ಕೇಂದ್ರವನ್ನು ತಡೆಯುತ್ತದೆ. ತಮ್ಮ ಹೆಸರಿಗೇ ಅಂಟಿಕೊಂಡ ಸಿದ್ಧಾಂತವನ್ನು ಹೀಗೆ ತಿದ್ದಿಕೊಳ್ಳುವವರು ವಿಜ್ಞಾನದಲ್ಲೂ ವಿರಳ.

ಇದಕ್ಕೆ ಮನುಷ್ಯ ಸಮಾಜದಲ್ಲಿ ಸಿಗುವ ಜೋಡಿಯೆಂದರೆ ಲಂಡನ್ನಿನ ಸರ್ಕಾರಿ ನೌಕರರನ್ನು ಕುರಿತ ವೈಟ್‌ಹಾಲ್ ಅಧ್ಯಯನ. ಮೈಕೇಲ್ ಮಾರ್ಮಟ್ ಅವರ ನೇತೃತ್ವದಲ್ಲಿ 1985ರಲ್ಲಿ ಆರಂಭವಾದ ಅದರ ಎರಡನೆಯ ಹಂತ 10,308 ಮಂದಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದೆ. ಮೇಲಧಿಕಾರಿಗಳಿಗೆ ಹೊಣೆ ಹೆಚ್ಚು, ಆದ್ದರಿಂದ ಕಾಯಿಲೆಯೂ ಹೆಚ್ಚು ಎಂಬ ಜನಪ್ರಿಯ ನಂಬಿಕೆಯನ್ನು ಅದು ಸುಳ್ಳು ಮಾಡಿತು. ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂಬುದರಲ್ಲಿ ತಮ್ಮ ಮಾತು ನಡೆಯದ ಕೆಳಹಂತದವರಲ್ಲೇ ಹೃದ್ರೋಗ ಹೆಚ್ಚಾಗಿತ್ತು. ಖಿನ್ನತೆಯ ವಿಷಯದಲ್ಲಿ ಅದೇ ಮಾಹಿತಿಯನ್ನಾಧರಿಸಿದ 2002ರ ವಿಶ್ಲೇಷಣೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಚೇರಿಯ ಜೊತೆಗೆ ಮನೆಯಲ್ಲಿನ ಹಿಡಿತವನ್ನೂ ಅಳೆಯಿತು. ಎರಡರಲ್ಲಿ ಎಲ್ಲಿ ಹಿಡಿತ ಕಡಿಮೆಯಿದ್ದರೂ ಖಿನ್ನತೆ ಮತ್ತು ಆತಂಕದ ಅಪಾಯ ಏರುತ್ತಿದ್ದು, ಕೆಳ ಮತ್ತು ಮಧ್ಯಮ ದರ್ಜೆಯ ಮಹಿಳಾ ನೌಕರರಲ್ಲಿ ಅದು ಎಲ್ಲರಿಗಿಂತ ಹೆಚ್ಚಾಗಿತ್ತು. ಲಂಡನ್ನಿನ ಗುಮಾಸ್ತೆಗೂ ಗೋವಾದ ಸಾಲಗಾರ ಮನೆಯ ಗೃಹಿಣಿಗೂ ಬದುಕಿನಲ್ಲಿ ಹೋಲಿಕೆ ಕಡಿಮೆ. ಇಬ್ಬರ ದಿನಚರಿಯನ್ನೂ ಬೇರೆಯವರು ಬರೆಯುತ್ತಾರೆಂಬುದು ಇರುವ ಹೋಲಿಕೆ.

ಕಾರಣದ ಬಾಣ ತಿರುಗಿಯೂ ಹಾರುತ್ತದೆಂಬುದನ್ನು ಇಲ್ಲಿ ಮರೆಯಲಾಗದು. ಖಿನ್ನತೆಯಲ್ಲಿರುವವರು ಕೆಲಸ ಕಳೆದುಕೊಳ್ಳುತ್ತಾರೆ, ನಂಟರಿಂದ ದೂರವಾಗುತ್ತಾರೆ, ಇರುವ ಹಿಡಿತವನ್ನೂ ಇಲ್ಲವೆಂದು ಭಾವಿಸುತ್ತಾರೆ. ಹೀಗೆ ಮನಸ್ಸಿನ ಕುಗ್ಗುವಿಕೆಯೇ ಹೊಸ ಒತ್ತಡವನ್ನು ತರುತ್ತದೆ. ಒಂದೇ ಬಗೆಯ ಕಷ್ಟದಲ್ಲಿ ಒಬ್ಬರು ಕುಸಿದು ಮತ್ತೊಬ್ಬರು ನಿಲ್ಲುವುದರಲ್ಲಿ ಆನುವಂಶಿಕತೆಗೂ, ಬಾಲ್ಯಕ್ಕೂ, ಮನಸ್ಸು ಬಿಚ್ಚಿ ಮಾತಾಡಬಲ್ಲ ಒಬ್ಬ ಆಪ್ತರ ಇರುವಿಕೆಗೂ ಪಾಲಿದೆ. ಈ ಕೊನೆಯ ಅಂಶವನ್ನು ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಮಹಿಳೆಯರ ನಡುವೆ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ 1978ರಷ್ಟು ಹಿಂದೆಯೇ ಗುರುತಿಸಿದ್ದರು.

ಇಷ್ಟೆಲ್ಲ ಇದ್ದರೂ ರೋಗಿಗಳು ಮನಸ್ಸಿನ ಮಾತೆತ್ತದೆ ಮೈಯ ದೂರನ್ನಷ್ಟೇ ಹೇಳುವುದೇಕೆ? ನಿಮ್ಹಾನ್ಸ್‌ನ ಆರ್. ರಘುರಾಂ ಮತ್ತು ಮಿಚೆಲ್ ವೈಸ್ ಮೊದಲಾದವರು ಬೆಂಗಳೂರಿನಲ್ಲಿ 80 ಮಂದಿ ಹೊರರೋಗಿಗಳನ್ನು ಸಂದರ್ಶಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರದ ಒಂದು ಭಾಗವಿದೆ. ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವರಲ್ಲಿ ಕಳಂಕದ ಅಳುಕು ಹೆಚ್ಚಾಗಿಯೂ, ಮೈಯ ಲಕ್ಷಣಗಳು ಹೆಚ್ಚಿದ್ದವರಲ್ಲಿ ಕಡಿಮೆಯಾಗಿಯೂ ಕಂಡುಬಂತು. ಸುಸ್ತು, ತಲೆನೋವು ಎಲ್ಲರಿಗೂ ಬರುವಂಥವು, ಹೇಳಿಕೊಂಡರೆ ಮರ್ಯಾದೆಗೆ ಕುಂದಿಲ್ಲ. ಮನಸ್ಸಿನ ಕಾಯಿಲೆಯೆಂದು ಹೊರಗೆ ಗೊತ್ತಾದರೆ ಮನೆಯ ಮಕ್ಕಳ ಮದುವೆಗೇ ತೊಡಕು. ಹೀಗಿರುವಾಗ ದಣಿವನ್ನು ಮುಂದಿಡುವುದು ಅಜ್ಞಾನವೆನ್ನುವುದಕ್ಕಿಂತ ವಿವೇಕವೆನ್ನುವುದು ಹೆಚ್ಚು ಸರಿ. ದಣಿವು ಸುಳ್ಳೂ ಅಲ್ಲ.

ದೀರ್ಘಕಾಲದ ಆಯಾಸವನ್ನೆಲ್ಲ ಒತ್ತಡದ ಲೆಕ್ಕಕ್ಕೆ ಬರೆದುಬಿಡುವುದು ಟಾನಿಕ್ ಬರೆದುಕೊಡುವುದಕ್ಕಿಂತ ಅಪಾಯಕಾರಿ. ರಕ್ತಹೀನತೆ, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಕ್ಷಯ, ಬಿ12 ಕೊರತೆ, ಗೊರಕೆಯ ನಡುವೆ ಉಸಿರು ನಿಲ್ಲುವ ನಿದ್ರಾದೋಷ, ಮತ್ತು ಬೇರೆ ಕಾಯಿಲೆಗೆಂದು ತೆಗೆದುಕೊಳ್ಳುವ ಮಾತ್ರೆಗಳ ಪರಿಣಾಮ ಇವುಗಳನ್ನು ಮೊದಲು ಪರೀಕ್ಷಿಸಲೇಬೇಕು. ಸ್ವಲ್ಪ ಶ್ರಮಕ್ಕೂ ಮರುದಿನ ಹಾಸಿಗೆ ಹಿಡಿಸುವಂಥ, ಎಷ್ಟೋ ಸಲ ಸೋಂಕಿನ ಬೆನ್ನಿಗೆ ಬರುವ ದೀರ್ಘ ಆಯಾಸ ರೋಗ ಪ್ರತ್ಯೇಕವಾದದ್ದು. ಅದರಲ್ಲಿ ಹೆಚ್ಚು ಓಡಾಡಿ ಎಂಬ ಸಲಹೆ ಹಾನಿಯನ್ನೇ ಮಾಡಬಹುದು.

ಪರಿಹಾರದ ಮಾತಿಗೆ ಬಂದರೆ ಮತ್ತೆ ಗೋವಾಕ್ಕೇ ಹೋಗಬೇಕಾಗುತ್ತದೆ. ಪಟೇಲ್ ಮತ್ತು ಇತರರು 1996ರಲ್ಲಿ ಅಲ್ಲಿ ಸ್ಥಾಪಿಸಿದ 'ಸಂಗಾತ್' ಸಂಸ್ಥೆ, ವೈದ್ಯರೂ ಮನಶ್ಶಾಸ್ತ್ರಜ್ಞರೂ ಅಲ್ಲದ ಸ್ಥಳೀಯರನ್ನೇ ಸಮಾಲೋಚಕರನ್ನಾಗಿ ತರಬೇತುಗೊಳಿಸಿ, ತೀವ್ರ ಖಿನ್ನತೆಯವರೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರರಿಂದ ಎಂಟು ಭೇಟಿಗಳ ಒಂದು ಕ್ರಮವನ್ನು ಪರೀಕ್ಷಿಸಿತು. ಅದರ ಬುಡದಲ್ಲಿರುವುದು 'ಚಟುವಟಿಕೆಯ ಮರುಚಾಲನೆ' ಎನ್ನಬಹುದಾದ ವಿಧಾನ: ಮನಸ್ಸು ಬರಲಿ, ಆಮೇಲೆ ಮಾಡೋಣ ಎಂದು ಕಾಯದೆ, ಹಿಂದೆ ಹಿತವೆನಿಸಿದ್ದ ಅಥವಾ ಅಗತ್ಯವಾದ ಒಂದು ಸಣ್ಣ ಕೆಲಸವನ್ನು ವ್ಯಕ್ತಿಯೇ ಆಯ್ದು, ಹೊತ್ತು ಗೊತ್ತುಮಾಡಿ ನಡೆಸುವುದು, ಅದರಿಂದಾದ ಬದಲಾವಣೆಯನ್ನು ಮುಂದಿನ ಭೇಟಿಯಲ್ಲಿ ಕೂತು ನೋಡುವುದು, ಅಡ್ಡಬರುವ ತೊಡಕುಗಳನ್ನು ಒಂದೊಂದಾಗಿ ಬಿಡಿಸುವುದು. ಮೇಯರ್ ಮತ್ತು ಸೆಲಿಗ್‌ಮನ್ ಹೇಳಿದ ಹಿಡಿತದ ಕಲಿಕೆಗೂ ಇದಕ್ಕೂ ಇರುವ ನಂಟು ಸ್ಪಷ್ಟವಾಗಿದೆ. 2017ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳ ಕೊನೆಗೆ ಈ ಕ್ರಮ ಪಡೆದವರಲ್ಲಿ ಶೇ 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರೆ, ಎಂದಿನ ಚಿಕಿತ್ಸೆಯಷ್ಟೇ ಪಡೆದವರಲ್ಲಿ ಆ ಪ್ರಮಾಣ ಶೇ 39 ಆಗಿತ್ತು. ಸಮಾಲೋಚಕರು ಯಾರ ಸಾಲವನ್ನೂ ತೀರಿಸಿರಲಿಲ್ಲ, ಯಾರ ಗಂಡನನ್ನೂ ಕರೆಸಿ ಬುದ್ಧಿ ಹೇಳುವುದು ಅವರ ಕೆಲಸವಾಗಿರಲಿಲ್ಲ. ಹಾಗಿದ್ದೂ ಕೆಲಸಕ್ಕೆ ಹೋಗಲಾಗದೆ ಕಳೆದ ದಿನಗಳೂ, ಆತ್ಮಹತ್ಯೆಯ ಯೋಚನೆಗಳೂ, ಮಹಿಳೆಯರು ಗಂಡನಿಂದ ಹೊಡೆತ ತಿಂದೆವೆಂದು ಹೇಳುವ ಪ್ರಮಾಣವೂ ಚಿಕಿತ್ಸೆ ಪಡೆದ ಗುಂಪಿನಲ್ಲಿ ಕಡಿಮೆಯಾಗಿದ್ದವು.